ಅತ್ತಿಗೆ ಬೇಡ ಅಂದದ್ದು

ಅತ್ತಿಗೆಯ ಲ್ಯಾಪ್‌ಟಾಪಿನ ಕೀಲು ಮುರಿದು ಎರಡು ವರ್ಷವಾಯಿತು. ಪರದೆ ಬೀಳದಂತೆ ಹಿಂದೆ ಇಟ್ಟಿಗೆ ಇಟ್ಟಿದ್ದಾರೆ. ಲ್ಯಾಪ್‌ಟಾಪು ಕಾದರೆ ರಟ್ಟಿನಿಂದ ಗಾಳಿ ಬೀಸುವ ಕೆಲಸ ನಾದಿನಿಯಾದ ನನ್ನದು. ಲಾರಿ ತೂಗುವ ವೇಬ್ರಿಡ್ಜಿನ ತಗಡಿನ ಕೋಣೆಯಲ್ಲಿ ಇಬ್ಬರೂ ಕೂರುತ್ತೇವೆ. ಅವರು ತೂಕ ನೋಡುತ್ತಾರೆ, ನಾನು ಚೀಟಿ ಹರಿಯುತ್ತೇನೆ.

ಒಂದು ಲಾರಿ ಹೋಗಿ ಇನ್ನೊಂದು ಬರುವ ನಡುವೆ ಅತ್ತಿಗೆಗೆ ಬೇರೊಂದು ಕೆಲಸವಿದೆ. ಕಂಪ್ಯೂಟರಿಗೆ ಕೆಲಸ ಹೇಳುವ ಒಂದು ಭಾಷೆ. ಅದು ಯಾರಪ್ಪನ ಸ್ವತ್ತೂ ಅಲ್ಲ. ದೇಶದೇಶದ ಜನ ಬಿಡುವಿನಲ್ಲಿ ಪುಕ್ಕಟೆ ಅದನ್ನು ಕಟ್ಟುತ್ತಾರೆ, ರಿಪೇರಿ ಮಾಡುತ್ತಾರೆ. ಒಂಬತ್ತು ವರ್ಷದಲ್ಲಿ ಅತ್ತಿಗೆ ಮಾಡಿದ ರಿಪೇರಿ ನಾಲ್ಕು ಸಾವಿರ ದಾಟಿದೆ. ದೊಡ್ಡ ಕಂಪನಿಗಳು ಅದನ್ನೇ ಬಳಸಿ ಕೋಟಿ ಕೋಟಿ ಗಳಿಸುತ್ತವೆ. ಬರೆದವರಿಗೆ ಸಿಗುವುದು ಒಂದೇ, ಫೈಲಿನ ತಲೆಯಲ್ಲಿ ಹೆಸರು. ಮೊದಲು ಬಂದವರದು ಮೊದಲು. ಅಳಿಸಬಾರದು, ಅದೇ ಕರಾರು.

"ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ನಮ್ಮಣ್ಣ ಚುಡಾಯಿಸುತ್ತಾನೆ.

"ಮಾರಿ ಮಾಡಿದ ಅಡುಗೆ ಬೇಡ್ವಾ ಹಂಗಾದ್ರೆ?" ಎಂದು ಅತ್ತಿಗೆ ಕೇಳಿದರೆ ತಟ್ಟೆ ಹಿಡಿದು ಬರುತ್ತಾನೆ.

ಮೊನ್ನೆ ಬೆಳಿಗ್ಗೆ ಬಿಳಿ ಕಾರೊಂದು ನಿಂತ ಲಾರಿಗಳನ್ನೆಲ್ಲ ದಾಟಿ ಸೀದಾ ವೇಬ್ರಿಡ್ಜಿನ ಮೇಲೇ ಬಂದು ನಿಂತಿತು. ಇಳಿದವರು ಆ ಭಾಷೆ ಬಳಸುವ ದೊಡ್ಡ ಕಂಪನಿಯೊಂದರ ಮ್ಯಾನೇಜರು.

"ಸರದಿ ಇದೆ ಸರ್. ಹಿಂದೆ ಹೋಗಿ," ಎಂದರು ಅತ್ತಿಗೆ.

"ತೂಗಿಸೋಕಲ್ಲ ಮೇಡಂ, ನಿಮ್ಮನ್ನ ನೋಡೋಕೆ ಬಂದೆ."

"ಆದ್ರೂ ಜಾಗ ಬಿಡಿ."

ಕಾರು ಹಿಂದೆ ಹೋಯಿತು. ಮ್ಯಾನೇಜರು ನಡೆದು ಬಂದು ಕಂಪನಿಯ ಟೀ ಶರ್ಟ್ ಕೊಟ್ಟರು. ಅದರೊಳಗೆ ನಾವಿಬ್ಬರೂ ಒಟ್ಟಿಗೆ ಹಿಡಿಸುತ್ತಿದ್ದೆವು.

"ನಮ್ಮ ಹುಡುಗರು ಕೋಡ್ ಕ್ಲೀನ್ ಮಾಡಿ ಕಳಿಸಿದಾರೆ. ಸಾಲುಗಳ ನಡುವಿನ ಖಾಲಿ ಜಾಗ ತೆಗೆದಿದಾರೆ, ಅಷ್ಟೆ. ಮೇಷ್ಟ್ರು ಒಪ್ಪಿಯಾಯ್ತು. ನೀವೂ ಹೂಂ ಅಂದ್ಬಿಡಿ."

ಯಾವ ಬದಲಾವಣೆಗೂ ಇಬ್ಬರು ಹಳಬರು ಒಪ್ಪಬೇಕು. ಈ ಮೇಷ್ಟ್ರು ದೂರದೂರಿನವರು, ನಿವೃತ್ತರು. ಒಂಬೈನೂರು ಫೈಲು ನೋಡಲಾರದೆ ಕಂಪನಿಯ ಮಾತು ನಂಬಿದ್ದರು.

ಅತ್ತಿಗೆ ನಂಬುವ ಪೈಕಿಯಲ್ಲ. ಲಾರಿಯನ್ನು ಹೋಗುವಾಗಲೂ ತೂಗಬೇಕು, ಬರುವಾಗಲೂ ತೂಗಬೇಕು. ಖಾಲಿ ಅಂದವನ ಲಾರಿಯನ್ನಂತೂ ಇನ್ನೊಂದು ಸಲ ತೂಗಬೇಕು. ಖಾಲಿ ಜಾಗ ಬಿಟ್ಟು ಹಳೆಯ ಫೈಲುಗಳ ಅಕ್ಷರ ಎಣಿಸಿದರು, ಹೊಸದರದೂ ಎಣಿಸಿದರು. ಸಮ ಬರಬೇಕಿತ್ತು, ಬರಲಿಲ್ಲ. ತೆರೆದು ನೋಡಿದರೆ ತಲೆಯ ಹೆಸರುಗಳೆಲ್ಲ ಮಾಯ. ಅಲ್ಲಿ ಕಂಪನಿಯ ಹೆಸರು ಕೂತಿತ್ತು.

ತಮ್ಮ ಹೆಸರು ಹೋದದ್ದಕ್ಕೆ ಅತ್ತಿಗೆ ನಕ್ಕರು. ಇನ್ನೊಂದು ಫೈಲು ತೆರೆದಾಗ ನಗು ನಿಂತಿತು.

"ಬೇಕರಿಯಣ್ಣನ್ನೂ ತೆಗೆದಿದೀರಾ?"

ಬೇಕರಿಯಣ್ಣ ಬ್ರೆಡ್ ಬೇಯುವಷ್ಟರಲ್ಲಿ ಕೋಡ್ ಬರೆಯುತ್ತಿದ್ದವರು. ದೂರದಿಂದಲೇ ಬರೆದು ಅತ್ತಿಗೆಗೆ ಮೊದಲ ಪಾಠ ಹೇಳಿಕೊಟ್ಟವರು. ಹೋದ ವರ್ಷ ತೀರಿಕೊಂಡರು. ನಾವು ಅವರ ಮುಖ ಕಂಡಿಲ್ಲ. ಅವರು ಇದ್ದರು ಎನ್ನಲು ನಮಗೆ ಉಳಿದದ್ದು ಆ ಹೆಸರು ಮಾತ್ರ.

"ಅವರು ಹೇಗಿದ್ರೂ ಈಗ ಇಲ್ವಲ್ಲ ಮೇಡಂ."

"ಅದಕ್ಕೇ ಹೆಸರಾದ್ರೂ ಇರಬೇಕು."

ಅತ್ತಿಗೆ 'ಬೇಡ' ಒತ್ತಿದರು. ಎಲ್ಲರಿಗೂ ಕಾಣುವಂತೆ ಕೆಳಗೆ ಬರೆದರು: "ಖಾಲಿ ಜಾಗ ಎಂದು ತೆಗೆದದ್ದು ಮುನ್ನೂರ ಹನ್ನೆರಡು ಜನರನ್ನು. ನೀವೂ ಇದ್ದೀರಾ, ನೋಡಿಕೊಳ್ಳಿ."

"ಸೋಮವಾರ ನಮ್ಮ ಹೊಸ ಆ್ಯಪ್ ಬಿಡುಗಡೆ. ಇದು ನಿಂತ್ರೆ ಅದೂ ನಿಲ್ಲತ್ತೆ," ಎಂದರು ಮ್ಯಾನೇಜರು.

"ನಿಲ್ಲಲಿ ಬಿಡಿ. ಹೊರಗೆ ಲಾರಿಗಳೂ ನಿಂತಿವೆ."

ಮೊದಲು ಮೇಷ್ಟ್ರ ಉತ್ತರ ಬಂತು: "ನನ್ನ ಒಪ್ಪಿಗೆ ವಾಪಸ್. ಓದದೆ ಅಂಕ ಕೊಟ್ಟೆ, ತಪ್ಪಾಯಿತು." ಆಮೇಲೆ ಒಬ್ಬ ನರ್ಸು, ಒಬ್ಬ ಟ್ಯಾಕ್ಸಿ ಡ್ರೈವರು, ಮೀನು ಮಾರುವವಳೊಬ್ಬಳು, ಎಲ್ಲರೂ ಹೆಸರು ಕಳೆದುಕೊಂಡವರು. ಬೇಡ, ಬೇಡ, ಬೇಡ. ಮಧ್ಯಾಹ್ನದ ಹೊತ್ತಿಗೆ ನಾನು ಎಣಿಸುವುದನ್ನೇ ಬಿಟ್ಟು ಗಾಳಿ ಬೀಸುತ್ತ ಕೂತೆ.

ಹೊರಗೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಲಾರಿ ಡ್ರೈವರೊಬ್ಬ ಕಿಟಕಿಯಲ್ಲಿ ಇಣುಕಿದ. "ಅಕ್ಕಾ, ನಂದೂ ಒಂದು ಬೇಡ ಹಾಕಿ."

"ನೀನು ಕೋಡ್ ಬರೀತೀಯಾ?" ಎಂದರು ಅತ್ತಿಗೆ.

"ಇಲ್ಲ. ಆದ್ರೆ ನಾನು ಮಾಡಿದ್ ಕೆಲಸಕ್ಕೆ ಯಜಮಾನ್ರು ತಮ್ಮ ಹೆಸರು ಹಾಕ್ಕೊಳೋದು ನೋಡಿದೀನಿ."

ಮರುದಿನ ಕಂಪನಿ ಎಲ್ಲವನ್ನೂ ತಿದ್ದಿ ಕಳಿಸಿತು. ಮುನ್ನೂರ ಹನ್ನೆರಡು ಹೆಸರೂ ವಾಪಸ್ ಬಂದಿದ್ದವು. ಬೇಕರಿಯಣ್ಣನೂ ಇದ್ದರು. ಎಲ್ಲರಿಗಿಂತ ಮೇಲೆ ಮಾತ್ರ ಕಂಪನಿಯ ಹೆಸರಿತ್ತು.

ಅತ್ತಿಗೆ ಆ ಟೀ ಶರ್ಟಿನಿಂದ ಪರದೆಯ ಧೂಳು ಒರೆಸಿದರು. ಕೊನೆಯವರೆಗೂ ಓದಿ ಮತ್ತೆ 'ಬೇಡ' ಒತ್ತಿದರು. ಕೆಳಗೆ ಬರೆದರು:

"ನೀವು ಬಂದದ್ದು ಸಂತೋಷ. ಸರದಿ ಇದೆ. ಹಿಂದೆ ಹೋಗಿ."