ಕೊರಳಿಗೆ ಕಟ್ಟಿದ ಪೆನ್ಸಿಲ್

ಮಗಳು ಮತ್ತೆ ರವಿಕೆಯ ಎರಡೂ ತೋಳುಗಳನ್ನು ಎಡಗೈಗೇ ಕತ್ತರಿಸಿದ್ದಳು. ಇನ್ನೊಂದು ಬಟ್ಟೆ ಹಾಳಾದರೆ ಬೇರೆ ಕೆಲಸ ನೋಡಿಕೋ ಎಂದು ಹೊಲಿಗೆ ಅಂಗಡಿಯ ಯಜಮಾನಿ ಮುಖಕ್ಕೇ ಹೇಳಿಬಿಟ್ಟಳು. ಅಂಗಡಿಯವರು ಅವಳಿಗೆ ‘ಗಾಳಿಪಟ’ ಎಂದೇ ಹೆಸರಿಟ್ಟಿದ್ದರು.

ಅಮ್ಮನಿಗೆ ಅನುಮಾನ. ಯಾರ ಗುಂಗಿನಲ್ಲಿದ್ದಾಳೆ ಇವಳು? ಮಗಳು ಸ್ನಾನಕ್ಕೆ ಹೋದಾಗ ಮೆಲ್ಲಗೆ ಫೋನು ಎತ್ತಿಕೊಂಡಳು. ಅದು ಕೈಯಲ್ಲೇ ಬಡಿದುಕೊಂಡಿತು. ‘ಒಲೆ ಆರಿಸು’ ಎಂಬ ಅಲಾರಂ. ಹೋಗಿ ನೋಡಿದರೆ ಹಾಲು ಸೀದಿತ್ತು.

ಪಕ್ಕದ ಮನೆಯ ನರ್ಸ್, ಇದು ಎಡಿಎಚ್‌ಡಿ ಇರಬಹುದು, ಗಮನ ಒಂದೆಡೆ ನಿಲ್ಲದ ತೊಂದರೆ, ಮನೋವೈದ್ಯರಿಗೆ ತೋರಿಸಿ ಎಂದಳು.

“ಹುಚ್ಚಿ ಅಂತ ಹಣೆಪಟ್ಟಿ ಕಟ್ಟಿಸ್ಕೊಂಡು ಬರ್ಬೇಕಾ? ಅದು ಮಕ್ಕಳಿಗೆ ಬರೋದು. ಇವಳಿಗೆ ಕೂದಲು ನರೀತಿದೆ.”

“ಈಗ ಬರೋದಲ್ಲಕ್ಕಾ. ಚಿಕ್ಕಂದಿನಿಂದ ಇದ್ದದ್ದು ಉಳ್ಕೊಂಡಿರೋದು. ಇದೆಯೋ ಇಲ್ವೋ, ತೋರಿಸಿದ್ರೆ ತಾನೇ ಗೊತ್ತಾಗೋದು?”

ಕೊನೆಗೆ ಮಗಳು ಮನೋವೈದ್ಯೆಯ ಬಳಿ ಹೊರಟಾಗ ಅಮ್ಮ ಕಾವಲಿಗೆಂದೇ ಜೊತೆಗೆ ಹೋದಳು. ಸುಮ್ಮನೆ ಮಾತ್ರೆ ಬರೆದರೆ ಎದ್ದು ಬರುವುದೆಂದು ಚೀಲವನ್ನು ಮಡಿಲಲ್ಲೇ ಹಿಡಿದು ಕೂತಳು. ವೈದ್ಯೆ ಮಗಳ ನಿದ್ದೆ, ಚಿಂತೆ, ಬೇರೆ ಕಾಯಿಲೆ ಎಲ್ಲ ಕೇಳಿದರು. ಆಮೇಲೆ ಅಮ್ಮನ ಕಡೆ ತಿರುಗಿ, ಶಾಲೆಗೆ ಹೋಗುವಾಗ ಹೇಗಿದ್ದಳು ಎಂದರು.

“ಚೆನ್ನಾಗೇ ಇದ್ಲು,” ಎಂದಳು ಅಮ್ಮ, ಬಾಯಿ ಬಿಗಿಹಿಡಿದು.

ಮಗಳು ತಲೆ ತಗ್ಗಿಸಿದಳು. ಅಂಗಡಿಯ ಕತ್ತರಿಯನ್ನು ಕಳೆಯಬಾರದೆಂದು ಲಾಡಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದವಳು, ಅದನ್ನು ತೆಗೆಯುವುದನ್ನೂ ಮರೆತು ಬಂದಿದ್ದಳು. ಅದನ್ನು ನೋಡಿ ಅಮ್ಮ ಮಡಿಲಿನ ಚೀಲವನ್ನು ಕೆಳಗಿಟ್ಟಳು.

“ಪೆನ್ಸಿಲ್ ಕಳ್ಕೋತಾಳೆ ಅಂತ ನಾನೂ ಹೀಗೇ ದಾರ ಕಟ್ಟಿ ಕೊರಳಿಗೆ ಹಾಕಿ ಕಳಿಸ್ತಿದ್ದೆ. ದಾರದ ಸಮೇತ ಕಳ್ಕೊಂಡು ಬರೋಳು. ಸೋಮಾರಿತನ ಅಂದ್ಕೊಂಡಿದ್ದೆ.”

“ಚಿಕ್ಕಂದಿನ ಈ ವಿಷಯವೇ ಬೇಕಿತ್ತು ನಮಗೆ. ಇದನ್ನ ನೀವಲ್ದೆ ಯಾರು ಹೇಳ್ತಿದ್ರು?” ಎಂದರು ವೈದ್ಯೆ.

ಮತ್ತೆರಡು ಸಲ ಕರೆಸಿ ನೋಡಿದ ಮೇಲೆ ಎಡಿಎಚ್‌ಡಿ ಎಂದೇ ತಿಳಿಯಿತು. ಪ್ರತಿ ಮಾತ್ರೆಯ ಬಗ್ಗೆಯೂ ಅಮ್ಮ ಕೆದಕಿ ಕೆದಕಿ ಕೇಳಿದಳು. ವೈದ್ಯೆ ಬೇಸರಿಸದೆ ಹೇಳಿದರು. ಈಗ ಮಗಳು ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಎಡ, ಬಲ ಎಂದು ಬರೆದೇ ಕತ್ತರಿ ಎತ್ತುತ್ತಾಳೆ. ಆಗೀಗ ತಪ್ಪುತ್ತಾಳೆ, ನಿಜ. ಆದರೆ ಯಜಮಾನಿ ಬೇರೆ ಕೆಲಸದ ಮಾತೆತ್ತಿಲ್ಲ.

ಮರೆಯುವವರಿಗೆಲ್ಲ ಈ ತೊಂದರೆ ಇರುವುದಿಲ್ಲ. ಆದರೆ ನಿಮ್ಮ ಮನೆಯಲ್ಲಿ ಯಾರಾದರೂ ಚಿಕ್ಕಂದಿನಿಂದ ಹೀಗೇ ಒದ್ದಾಡುತ್ತಿದ್ದರೆ, ವಯಸ್ಸು ಎಷ್ಟಾದರೂ ಆಗಿರಲಿ, ಒಮ್ಮೆ ಮನೋವೈದ್ಯರಿಗೆ ತೋರಿಸಿ. ಅನುಮಾನವಿದ್ದರೆ ವೈದ್ಯರನ್ನು ಕೇಳಿ, ಮನೆಯವರ ಮೇಲೆ ತಪ್ಪು ಹೊರಿಸಬೇಡಿ. ಜೊತೆಗೆ ಹೋಗಿ, ಅವರ ಬಾಲ್ಯ ಕಂಡವರು ನೀವು. ಅಂದು ದಾರ ಕಟ್ಟಿದ ಕೈ ನಿಮ್ಮದೇ ಅಲ್ಲವೇ?