ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು

ಪುರೋಹಿತರ ಬಾಯಿ ತೆರೆದದ್ದು ತೆರೆದ ಹಾಗೇ ನಿಂತುಬಿಟ್ಟಿತು. ಅವರ ಪಕ್ಕದಲ್ಲಿ ಅಕ್ಷತೆ ಎತ್ತಿದ್ದ ಹೆಂಗಸಿನ ಕೈ ಗಾಳಿಯಲ್ಲೇ ಉಳಿಯಿತು, ಓಲಗ ಅರ್ಧಕ್ಕೆ ಕಡಿಯಿತು. ಟಿವಿಯ ಹಿಂದೆ ಮಂಡಿಯೂರಿ ವೈರು ತಡಕುತ್ತಿದ್ದ ಕೇಬಲ್ ಹುಡುಗ ವಿನೋದನಿಗೆ ಸದ್ದು ನಿಂತದ್ದರಿಂದಲೇ ಸಂಗತಿ ತಿಳಿಯಿತು.

"ನಿಂತೇ ಹೋಯ್ತು ನೋಡು," ಎಂದರು ಮಂಚದ ಮೇಲೆ ದಿಂಬಿಗೊರಗಿದ್ದ ಶೇಷಮ್ಮ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ರಿಮೋಟನ್ನು ಹಿಡಿದು ಒಂದು ಗುಂಡಿ ಒತ್ತಿದರು, ಧಾರಾವಾಹಿಯೊಂದರ ಅತ್ತೆ ಬಂದಳು. ಇನ್ನೊಂದು ಗುಂಡಿ ಒತ್ತಿದರು, ಮದುವೆ ಬಂತು. "ಹೀಗೆ ಆಚೆ ಹೋಗಿ ಈಚೆ ಬಂದ್ರೆ ಬರ್ತದೆ ಮಾರಾಯ. ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ತದೆ. ಬೆಳಗಿಂದ ಇದೇ ಕೆಲ್ಸ ನಂದು."

ಮದುವೆ ಶೇಷಮ್ಮನ ಮೊಮ್ಮಗಳು ಸ್ಪಂದನಾಳದ್ದು. ನಡೆಯುತ್ತಿದ್ದುದು ತೀರ್ಥಹಳ್ಳಿಯ ಕಲ್ಯಾಣ ಮಂಟಪದಲ್ಲಿ. ಶೇಷಮ್ಮ ಇದ್ದದ್ದು ಹೊಸನಗರ ತಾಲ್ಲೂಕಿನಲ್ಲಿ, ರೈಸ್‌ಮಿಲ್ಲಿನ ಪಕ್ಕದ ತಾರಸಿ ಮನೆಯಲ್ಲಿ. ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ಕಾರಿನಲ್ಲಿ ಕೂರುವ ಮಾತೇ ಎತ್ತಬೇಡಿ ಎಂದಿದ್ದರು ಡಾಕ್ಟರು. ಮನೆಮಂದಿಯೆಲ್ಲ ಬೆಳಿಗ್ಗೆ ಎರಡು ವ್ಯಾನಿನಲ್ಲಿ ಹೊರಟ ಮೇಲೆ ಜೊತೆಗೆ ಉಳಿದವರು ಪಕ್ಕದ ಮನೆಯ ಯಮುನಮ್ಮ.

ಅಜ್ಜಿ ಹಾಲು ಎರೆಯದೆ ತನ್ನ ಧಾರೆ ಮುಗಿಯಕೂಡದು ಎಂದು ಹಟ ಹಿಡಿದವಳು ಸ್ಪಂದನಾಳೇ. ಧಾರೆಯೆಂದರೆ ತಂದೆತಾಯಿ ಎರೆದು ಮುಗಿಯುವ ವಿಷಯವಲ್ಲ, ಬಂಧುಬಳಗ ಸಾಲಾಗಿ ಬಂದು ವಧೂವರರ ಕೈಯಲ್ಲಿರುವ ತೆಂಗಿನಕಾಯಿಯ ಮೇಲೆ ಒಂದೊಂದು ಧಾರೆ ಹಾಲು ಬಿಡಬೇಕು. ಹುಡುಗಿಯ ಲೆಕ್ಕಾಚಾರ ಹೀಗಿತ್ತು: ಅಪ್ಪ ಅಮ್ಮ ಎರೆದ ಕೂಡಲೇ ಮೈಕಿನಲ್ಲಿ ಅಜ್ಜಿಯ ಹೆಸರು ಕೂಗುವುದು. ಸಾಲು ನಿಲ್ಲುವುದು. ಅಜ್ಜಿ ಟಿವಿ ನೋಡುತ್ತ ಇಲ್ಲೇ ಎರೆಯುವುದು. ಪುರೋಹಿತರು ಮೊದಲು ನಕ್ಕು, ಆಮೇಲೆ ಶಾಸ್ತ್ರದಲ್ಲಿ ಬೇಡ ಅಂತೇನೂ ಇಲ್ಲ ಎಂದು ಒಪ್ಪಿಕೊಂಡಿದ್ದರು. ಮಂಚದ ಪಕ್ಕದ ಸ್ಟೂಲಿನ ಮೇಲೆ ಹಿತ್ತಾಳೆ ತಟ್ಟೆ, ಅದರಲ್ಲಿ ಅರಿಸಿನ ಹಚ್ಚಿದ ತೆಂಗಿನಕಾಯಿ, ಬೆಳ್ಳಿ ಚೊಂಬಿನಲ್ಲಿ ಹಾಲು ಸಿದ್ಧವಾಗಿದ್ದವು. ಮನೆಯೊಳಗೆ ಫೋನಿಗೆ ರೇಂಜಿಲ್ಲ. ಇರುವುದೊಂದು ದಾರಿ, ವಿನೋದ್ ಕೆಲಸಕ್ಕಿರುವ ಪೂರ್ಣೇಶರ ಕೇಬಲ್ ಆಫೀಸಿನ ಮದುವೆ ಚಾನೆಲ್ಲು.

"ಧಾರೆ ಎಷ್ಟೊತ್ತಿಗಮ್ಮ?"

"ಹನ್ನೊಂದೂ ಮೂವತ್ತೆರಡಕ್ಕೆ. ನನ್ನ ಹೆಸ್ರು ಕೂಗುವಾಗ ಇದು ನಿಂತ್ರೆ ನಾನು ಯಾರಿಗೆ ಎರೀಲಿ? ಆ ಸೀರಿಯಲ್ ಅತ್ತೆಗಾ?"

ಆಗ ಹನ್ನೊಂದಾಗಲು ಎಂಟು ನಿಮಿಷವಿತ್ತು. ವಿನೋದ್ ಟಿವಿಯ ಸೆಟ್‌ಟಾಪ್ ಪೆಟ್ಟಿಗೆ ಆರಿಸಿ ಹಾಕಿದ, ತುದಿ ಬಿಚ್ಚಿ ಒರೆಸಿದ, ಬೇರೆ ವೈರು ಕೊಟ್ಟ. ಪ್ರತಿಸಲವೂ ಚಿತ್ರ ಬಂತು, ಪ್ರತಿಸಲವೂ ನಿಂತಿತು. ಕೊನೆಗೆ ಫೋನಿನ ಗಡಿಯಾರ ಹಿಡಿದು ಕೂತ. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ನಿಂತಿತು. ಮತ್ತೆ ನೋಡಿದ. ಮತ್ತೂ ಅಷ್ಟೇ. ವೈರಿನ ತೊಂದರೆಗೆ ಇಷ್ಟು ಶಿಸ್ತು ಇರುವುದಿಲ್ಲ.

ಬಾಕಿ ಚಾನೆಲ್ಲುಗಳು ಬರುವ ದಾರಿಯೇ ಬೇರೆ. ಮದುವೆ ಚಾನೆಲ್ಲು ಮಾತ್ರ ತೀರ್ಥಹಳ್ಳಿಯ ಆಫೀಸಿನಿಂದ ಒಂದೇ ಹರಿವಾಗಿ ಹೊರಟು, ದಾರಿ ಕವಲೊಡೆದಲ್ಲೆಲ್ಲ ಕೂತಿರುವ ಸ್ವಿಚ್ಚು ಎಂಬ ಯಂತ್ರಗಳನ್ನು ದಾಟಿ ಬರುತ್ತದೆ. ಯಾವ ಮನೆಯ ಪೆಟ್ಟಿಗೆ 'ನನಗೆ ಬೇಕು' ಎಂದಿದೆಯೋ ಆ ಲೈನಿಗೆ ಮಾತ್ರ ಸ್ವಿಚ್ಚು ಅದನ್ನು ಬಿಡುತ್ತದೆ. ಚಾನೆಲ್ ಒತ್ತಿದಾಗ ಪೆಟ್ಟಿಗೆ ಹಾಗೆಂದು ಕೇಳಿಕೊಳ್ಳುತ್ತದೆ, ಆಮೇಲೆ ತಾನಾಗಿ ಮಾತಾಡುವುದಿಲ್ಲ. ಎರಡೆರಡು ನಿಮಿಷಕ್ಕೊಮ್ಮೆ ಮೇಲಿನಿಂದ ಯಾರಾದರೂ 'ಇನ್ನೂ ನೋಡ್ತಾ ಇದೀರಾ?' ಎಂದು ವಿಚಾರಿಸುತ್ತಿರಬೇಕು. ವಿಚಾರಿಸಿದರೆ ಪೆಟ್ಟಿಗೆ ಹೂಂ ಎನ್ನುತ್ತದೆ. ವಿಚಾರಿಸುವವರೇ ಇಲ್ಲದಿದ್ದರೆ ಸ್ವಿಚ್ಚು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಕಾದು, ಆ ಮನೆಯವರು ಎದ್ದುಹೋದರೆಂದು ಬಾಗಿಲು ಹಾಕಿಬಿಡುತ್ತದೆ.

ಇದನ್ನೆಲ್ಲ ವಿನೋದನಿಗೆ ಕಲಿಸಿದವರು ವಾಸಪ್ಪ. ಕಂಬ ಹತ್ತುವುದರಿಂದ ಹಿಡಿದು ಕಂಪ್ಯೂಟರಿನ ಕರಿ ಪರದೆಯಲ್ಲಿ ಸ್ವಿಚ್ಚಿಗೆ ಬುದ್ಧಿ ಹೇಳುವವರೆಗೆ, ಏಳು ವರ್ಷ ಕಲಿಸಿದ್ದರು. ಯಾವ ಪೆಟ್ಟಿಗೆ ವಿಚಾರಿಸುತ್ತದೆ ಎಂಬುದನ್ನೂ ಹೇಳಿದ್ದರು, ಆಗ ವಿನೋದ್ ಫೋನಿನಲ್ಲಿ ಕ್ರಿಕೆಟ್ ನೋಡುತ್ತಿದ್ದ. ಹೋದ ವರ್ಷ ವಾಸಪ್ಪ ಕೆಲಸ ಬಿಟ್ಟು ಮನೆ ಸೇರಿದಾಗ, ಕಷ್ಟ ಬಂದರೆ ಅವರನ್ನು ಕರೆಸೋಣವೇ ಎಂದು ಪೂರ್ಣೇಶ್ ಕೇಳಿದ್ದರು. "ಬೇಡ ಸಾರ್, ನಾನೇ ನೋಡ್ಕೊಳ್ತೀನಿ," ಎಂದಿದ್ದ. ಆ ಮಾತು ವಾಸಪ್ಪನ ಕಿವಿಗೂ ಬಿದ್ದಿತ್ತು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಆಯುಧಪೂಜೆಯ ದಿನ ವಿನೋದ್ ಆಫೀಸಿನ ರ‍್ಯಾಕಿನಲ್ಲಿದ್ದದ್ದನ್ನೆಲ್ಲ ಇಳಿಸಿ ಧೂಳು ಹೊಡೆದಿದ್ದ. ತಳದಲ್ಲೊಂದು ಹಳೇ ರೌಟರ್ ಸಿಕ್ಕಿತು. ಅದನ್ನು ಒರೆಸಿ, ಕುಂಕುಮವಿಟ್ಟು, ಚೆಂಡುಹೂವು ಮುಡಿಸಿ ಪೂಜೆಗೆ ಕೂರಿಸಿದ. ಪೂಜೆ ಮುಗಿದು ಜೋಡಿಸುವಾಗ ಅದೊಂದು ಹೊರಗೇ ಉಳಿಯಿತು. ಅದಿಲ್ಲದೆಯೂ ಎಲ್ಲ ನಡೆಯುವುದನ್ನು ಕಂಡು, ಏನೂ ಮಾಡದ ಪೆಟ್ಟಿಗೆ ಎಂದು ಮೇಜಿನಡಿಗೆ ತಳ್ಳಿದ್ದ. ತುಳಸಿಪೂಜೆ ಕಳೆಯದೆ ಮದುವೆಗಳಿಲ್ಲ, ಮದುವೆಯಿಲ್ಲದೆ ಆ ಚಾನೆಲ್ಲಿಗೆ ಕೆಲಸವಿಲ್ಲ. ಈ ಕಾಲದ ಮೊದಲ ಮದುವೆ ಇದೇ. ವಿಚಾರಿಸುತ್ತಿದ್ದದ್ದು ಆ ಪೆಟ್ಟಿಗೆಯೇ ಇರಬೇಕು ಎಂದು ಅವನಿಗೆ ಈಗ ಹೊಳೆಯಿತು.

ಅವನು ತಾರಸಿಗೆ ಓಡಿದ. ನೀರಿನ ಟ್ಯಾಂಕಿನ ಪಕ್ಕ ಒಂದು ಮೂಲೆಯಲ್ಲಿ ಮಾತ್ರ ರೇಂಜು ಸಿಗುತ್ತಿತ್ತು. ಪೂರ್ಣೇಶ್ ಸಾಗರದಲ್ಲಿದ್ದರು. ಆಫೀಸಿಗೆ ಬೀಗ. "ಇನ್ನೊಂದು ಕೀ ವಾಸಪ್ಪನ ಹತ್ರ ಉಂಟು, ವಾಪಸ್ ಇಸ್ಕೊಳ್ಲಿಲ್ಲ," ಎಂದರು ಅವರು. ವಿನೋದ್ ಒಂದು ಗಳಿಗೆ ಫೋನನ್ನೇ ನೋಡುತ್ತ ನಿಂತ. ಕೆಳಗೆ ಓಲಗ ಮತ್ತೆ ಕಡಿಯಿತು. ಅವನು ಹೆಸರು ಹುಡುಕಿ ಒತ್ತಿದ.

"ಹೇಳೋ," ಎಂದಿತು ಆ ಕಡೆಯ ದನಿ, ನಿನ್ನೆಯಷ್ಟೇ ಮಾತಾಡಿದ ಹಾಗೆ. ಹಿಂದೆ ಓಲಗ ಕೇಳುತ್ತಿತ್ತು. ವಾಸಪ್ಪ ಗಂಡಿನ ಕಡೆಯವರಾಗಿ ಅದೇ ಮದುವೆಯಲ್ಲಿದ್ದರು.

"ಅಣ್ಣ, ಮದ್ವೆ ಚಾನೆಲ್ಲು ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡಿಗೆ ನಿಲ್ತಾ ಉಂಟು."

"ಕೆಳಗಿನ ಪೆಟ್ಟಿಗೆ ಎಲ್ಲಿ?"

"ಆಯುಧಪೂಜೆಗೆ ನಾನೇ ತೆಗ್ದೆ. ವಾಪಸ್ ಹಾಕ್ಲಿಲ್ಲ."

"ಕುಂಕುಮ ಇಟ್ಟಿದ್ಯಾ?"

"ಇಟ್ಟಿದ್ದೆ ಅಣ್ಣ."

"ಕುಂಕುಮ ಇಟ್ಟು ಮೂಲೆಗೆ ಹಾಕಿದ್ಯಾ. ಒಳ್ಳೇದಾಯ್ತು."

ವಿನೋದ್ ಶೇಷಮ್ಮನ ಕಥೆ ಹೇಳಿದ, ಚೊಂಬು ಹಾಲಿನ ಸಮೇತ. ವಾಸಪ್ಪ ಪೂರ್ತಿ ಕೇಳಲಿಲ್ಲ. "ಕೀ ಜೇಬಲ್ಲೇ ಉಂಟು, ಫೋನ್ ಇಡ್ಬೇಡ," ಎಂದರು. ಓಲಗದ ಸದ್ದು ದೂರವಾಯಿತು, ಬಸ್ಸಿನ ಹಾರನ್ನು ಕೇಳಿತು, ಏದುಸಿರು ಕೇಳಿತು. ಅರವತ್ತೆರಡರ ಮನುಷ್ಯ ಮದುವೆಯ ಪಂಚೆ ಎತ್ತಿಕಟ್ಟಿ ಪೇಟೆಯಲ್ಲಿ ಓಡುತ್ತಿದ್ದಾರೆಂದು ವಿನೋದನಿಗೆ ಗೊತ್ತಾಯಿತು. ಬೀಗ ತೆಗೆದ ಸದ್ದಾದಾಗ ಗಂಟೆ ಹನ್ನೊಂದೂ ಇಪ್ಪತ್ತೇಳು.

"ಆ ಪೆಟ್ಟಿಗೆಯ ಅಡಾಪ್ಟರೇ ಕಾಣ್ತಿಲ್ಲ. ಇರ್ಲಿ, ವಿಚಾರ್ಸೋ ಕೆಲ್ಸ ದೊಡ್ಡ ಸ್ವಿಚ್ಚಿಗೇ ಕೊಡ್ತೀನಿ. ಪಾಸ್‌ವರ್ಡ್ ಹೇಳು. ಹಳೇದು ತಗೊಳ್ತಾ ಇಲ್ಲ."

"ಬದ್ಲಾಯಿಸಿದೀನಿ ಅಣ್ಣ."

"ಅದೇ, ಎಂಥದು?"

ವಿನೋದ್ ಟ್ಯಾಂಕಿನ ಕಡೆ ತಿರುಗಿ ನಿಂತ, ಅಲ್ಲಿ ಯಾರೋ ಕೇಳಿಸಿಕೊಳ್ಳುತ್ತಿದ್ದಾರೆ ಎಂಬಂತೆ. "ವಾಸಪ್ಪಣ್ಣ. ಆಮೇಲೆ ಒಂದು ಎರಡು ಮೂರು."

ಆ ಕಡೆ ಕುರ್ಚಿ ಎಳೆದುಕೊಂಡ ಸದ್ದಾಯಿತು. ಆಮೇಲೆ ಒಂದೇ ಬೆರಳಿನಲ್ಲಿ ಕೀಲಿ ಕುಟ್ಟುವ ಸದ್ದು ಶುರುವಾಯಿತು.

ಕೆಳಗೆ ಮೆಟ್ಟಿಲ ಬುಡದಲ್ಲಿ ಯಮುನಮ್ಮ ನಿಂತು ಸುದ್ದಿ ಮುಟ್ಟಿಸುತ್ತಿದ್ದರು. "ನಿಂತೇ ಉಂಟು ಮಾರಾಯ. ಹುಡುಗನ ಮುಖ ಅರ್ಧ ಉಂಟು."

"ರಿಮೋಟ್ ಮುಟ್ಬೇಡಿ ಅಂತ ಹೇಳಿ."

"ಹಾಕ್ದೆ," ಎಂದರು ವಾಸಪ್ಪ. "ಎರಡು ನಿಮಿಷದೊಳಗೆ ವಿಚಾರಿಸ್ಬೇಕು ಅದು."

ವಿನೋದ್ ಎಣಿಸುತ್ತ ನಿಂತ. ಮಿಲ್ಲಿನ ಕಡೆಯಿಂದ ತೌಡಿನ ವಾಸನೆ ಬರುತ್ತಿತ್ತು. ಒಂದು ನಿಮಿಷ ಕಳೆಯಿತು.

"ಬಂತು," ಎಂದರು ಯಮುನಮ್ಮ. "ಯಾರೂ ಮುಟ್ಲಿಲ್ಲ, ಅದೇ ಬಂತು."

"ಬಂತಂತೆ ಅಣ್ಣ," ಎನ್ನುವಷ್ಟರಲ್ಲಿ ಫೋನು ಸತ್ತಿತು. ಮೊದಲೇ ಚಾರ್ಜು ಕಡಿಮೆಯಿತ್ತು, ಗಡಿಯಾರ ನೋಡಿ ನೋಡಿ ಇದ್ದದ್ದನ್ನೂ ಮುಗಿಸಿದ್ದ. ವಾಸಪ್ಪನಿಗೆ ಕೇಳಿತೋ ಇಲ್ಲವೋ ಗೊತ್ತಾಗಲಿಲ್ಲ.

ಅವನು ಕೆಳಗಿಳಿದಾಗ ಶೇಷಮ್ಮ ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಕಾಯುತ್ತಿದ್ದರು. ವಿನೋದ್ ಗೋಡೆ ಗಡಿಯಾರಕ್ಕೆ ಕಣ್ಣು ನೆಟ್ಟ. ಮೂರು ನಿಮಿಷ. ಹುಡುಗಿಯ ಅಪ್ಪ ಅಮ್ಮ ಎರೆದರು. ನಾಲ್ಕು ನಿಮಿಷ. ಸ್ಪಂದನಾ ತಲೆಯೆತ್ತಿ ಕ್ಯಾಮೆರಾದ ಕಡೆ ನೋಡಿದಳು. ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡು ಆಯಿತು, ಇಪ್ಪತ್ತೊಂದಾಯಿತು, ಅವಳ ಮೂಗುತಿ ಮಿನುಗುತ್ತಲೇ ಇತ್ತು. ಮೈಕಿನಲ್ಲಿ ಹೆಸರು ಕೂಗಿದರು. ಇಡೀ ಮಂಟಪ ನಿಂತಿತು. ನಿಂತದ್ದು ಜನ, ಚಿತ್ರವಲ್ಲ.

ಶೇಷಮ್ಮ ಎರೆದರು. ಕಣ್ಣು ಟಿವಿಯ ಮೇಲೇ ಇದ್ದು, ಅರ್ಧ ಹಾಲು ಕಾಯಿಯ ಮೇಲೂ ಅರ್ಧ ಸ್ಟೂಲಿನ ಮೇಲೂ ಬಿತ್ತು. "ಸುಖವಾಗಿರು ಕೂಸೇ," ಎಂದರು. ಯಮುನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ವಿನೋದ್ ಹಾಲು ಒರೆಸಲು ಬಟ್ಟೆ ಹುಡುಕುವ ನೆಪದಲ್ಲಿ ಅತ್ತ ತಿರುಗಿದ.

ಸಾಲು ಮುಂದುವರಿಯಿತು. ಮಾವಂದಿರು, ಚಿಕ್ಕಮ್ಮಂದಿರು, ಗಂಡಿನ ಕಡೆಯವರು ಬಂದು ಹೋದರು. ಎಲ್ಲ ಮುಗಿಯಿತು ಎನ್ನುವಾಗ ಒಬ್ಬರು ಜನರನ್ನು ಸರಿಸಿಕೊಂಡು ವೇದಿಕೆ ಹತ್ತಿದರು. ಅಂಗಿ ಬೆವರಿಗೆ ಮೈಗಂಟಿತ್ತು.

"ಅದ್ಯಾರು, ಬಸ್ಸು ತಪ್ಪಿದವರ ಹಾಗೆ ಬರ್ತಿದಾರೆ?" ಎಂದರು ಶೇಷಮ್ಮ.

"ನಂಗೆ ಕೆಲ್ಸ ಕಲಿಸಿದವ್ರು."

ವಾಸಪ್ಪ ಹಾಲೆರೆದು ಪಕ್ಕಕ್ಕೆ ಸರಿದವರು ನೇರ ಕ್ಯಾಮೆರಾದ ಕಡೆ ತಿರುಗಿದರು. ಕಂಬದ ಮೇಲಿಂದ ಕೆಳಗಿನವನನ್ನು ಕೇಳುವ ಹಾಗೆ, ಅಂಗೈಯನ್ನು ಮೇಲ್ಮುಖ ಮಾಡಿ ಗದ್ದವೆತ್ತಿದರು: ಬಂತಾ?

ವಿನೋದ್ ಒದ್ದೆ ಬಟ್ಟೆ ಹಿಡಿದ ಕೈಯನ್ನು ಎತ್ತಿದ. "ಬಂತಣ್ಣ," ಎಂದ.

"ಅವರಿಗೆ ಕೇಳ್ತದಾ ಮಾರಾಯ?" ಎಂದರು ಶೇಷಮ್ಮ.

"ಇಲ್ಲಮ್ಮ," ಎಂದ ವಿನೋದ್, ಎತ್ತಿದ ಕೈ ಇಳಿಸದೆ.