ಮೂಸಿ ನೋಡುವ ಕೆಲಸ

ಬೆರಳಿನಿಂದ ಒತ್ತಿದ. ಮೀನಿನ ತುಂಡಿನಲ್ಲಿ ಕುಳಿ ಬಿತ್ತು, ನಿಧಾನಕ್ಕೆ ಎದ್ದಿತು. ನಿಧಾನ ಎಂದರೆ ಎಷ್ಟು ನಿಧಾನ? ಮತ್ತೊಮ್ಮೆ ಒತ್ತಿದ.

"ಏನ್ಸಾರ್, ಅದಕ್ಕೆ ಮೈ ಕೈ ನೋವಾ? ಮಾಲೀಶು ಮಾಡ್ತಾ ಇದ್ದೀರಲ್ಲ!" ಎಂದ ಅಡುಗೆಯವ. ಹೋಟೆಲಿನಲ್ಲಿ ಅವನನ್ನು ಎಲ್ಲರೂ ಚೂರಿ ಎಂದೇ ಕರೆಯುತ್ತಿದ್ದರು. ಅನ್ನದ ಉಂಡೆಯ ಮೇಲೆ ಹಸಿ ಮೀನಿಟ್ಟು ಸುಶಿ ಮಾಡುವುದು ಅವನ ಕೆಲಸ. ಆ ಮೀನು ತಿನ್ನಬಹುದೋ ಬಾರದೋ ಎಂದು ಮೂಸಿ ನೋಡಿ ಹೇಳುವುದು ಇವನ ಕೆಲಸ.

ಎರಡು ಪದವಿ, ಹದಿನಾರು ವರ್ಷದ ಅನುಭವ, ಕುತ್ತಿಗೆಗೊಂದು ಗುರುತಿನ ಚೀಟಿ. ಎಲ್ಲ ಇತ್ತು, ಮೂಗೊಂದು ಇರಲಿಲ್ಲ. ಮೂರು ತಿಂಗಳ ಹಿಂದೆ ಜ್ವರ ಬಂದು ಹೋಯಿತು, ಹೋಗುವಾಗ ವಾಸನೆಯನ್ನೂ ಕರೆದುಕೊಂಡು ಹೋಯಿತು. ಯಾರಿಗೂ ಹೇಳಿರಲಿಲ್ಲ. ಒಲೆಯ ಮೇಲಿನ ಹಾಲು ಸೀದು ಕರಿಯಾದ ದಿನ ಹೆಂಡತಿ, "ಪಕ್ಕದಲ್ಲೇ ಕೂತಿದ್ದೀರಲ್ರೀ, ನಿಮಗೆ ಮೂಗು ಇದೆಯೋ ಇಲ್ವೋ?" ಎಂದು ರೇಗಿದ್ದಳು. ಅವನು ನಕ್ಕುಬಿಟ್ಟಿದ್ದ.

ಹೇಗೋ ಸಾಗಿತ್ತು. ಪೆಟ್ಟಿಗೆ ತೆರೆದಾಗ ತಾನು ಬಗ್ಗಿ ಮೂಸುವುದು, ಓರೆಗಣ್ಣಲ್ಲಿ ಚೂರಿಯ ಮುಖ ನೋಡುವುದು. ಚೂರಿ ಮೂಗು ಸಿಂಡರಿಸದಿದ್ದರೆ ಮೀನು ಒಳ್ಳೆಯದು. ಅವನು ಒಮ್ಮೆಯೂ ಸಿಂಡರಿಸಿರಲಿಲ್ಲ.

ಸಮುದ್ರ ಅಲ್ಲಿಂದ ಒಂದು ಹಗಲು ಒಂದು ರಾತ್ರಿಯ ದಾರಿ. ಹುಳುವಿನ ಭಯವೇನೂ ಇರಲಿಲ್ಲ, ಕಡಲ ಕಡೆಯವರೇ ಮೀನನ್ನು ಏಳು ದಿನ ಕಲ್ಲಿನ ಹಾಗೆ ಹೆಪ್ಪುಗಟ್ಟಿಸಿಟ್ಟು, ಹುಳು ಸಾಯಿಸಿ, ಆಮೇಲೆ ಐಸಿನಲ್ಲಿಟ್ಟು ವಿಮಾನಕ್ಕೆ ಹಾಕುತ್ತಿದ್ದರು. ಭಯವೆಲ್ಲ ದಾರಿಯದ್ದು.

"ಇವತ್ತು ವಿಮಾನ ಲೇಟು ಸಾರ್. ಪೆಟ್ಟಿಗೆ ಬಿಸಿಲಲ್ಲೇ ಇತ್ತಂತೆ," ಎಂದ ಪೆಟ್ಟಿಗೆ ತಂದ ಡ್ರೈವರ್.

"ಎಷ್ಟು ಹೊತ್ತು?"

"ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೊಸ ಐಸ್ ತುಂಬಿಸ್ಕೊಂಡು ಬಂದಿದ್ದೀನಲ್ಲ."

ಥರ್ಮಾಮೀಟರ್ ಎರಡು ಡಿಗ್ರಿ ತೋರಿಸಿತು. ಹೊಸ ಐಸಿನ ಎರಡು ಡಿಗ್ರಿ. ಬಿಸಿಲಲ್ಲಿ ಏನಾಯಿತೆಂದು ಆ ಕಡ್ಡಿಗೇನು ಗೊತ್ತು, ಮಣ್ಣು? ಮೂಗಿಗೆ ಗೊತ್ತಾಗಬೇಕು. ಬಗ್ಗಿ ಮೂಸಿದ. ತಣ್ಣನೆಯ ಗಾಳಿ ಒಳಗೆ ಹೋಯಿತು, ಅಷ್ಟೇ. ಚೂರಿಯತ್ತ ನೋಡಿದ. ಚೂರಿ ಇವನತ್ತಲೇ ನೋಡುತ್ತ ನಿಂತಿದ್ದ, ಮುಖ ನಿರ್ಮಲವಾಗಿತ್ತು.

ವಾಪಸು ಕಳಿಸಿಬಿಡಬಹುದಿತ್ತು. ಹೋದ ತಿಂಗಳು ಹೆದರಿ ಒಂದು ಪೆಟ್ಟಿಗೆ ಕಳಿಸಲು ಹೊರಟಿದ್ದ. ಮ್ಯಾನೇಜರ್ ತಾವೇ ಬಂದು ಮೂಸಿ, "ಇದಕ್ಕೇನ್ರೀ ಧಾಡಿ? ನಿಮಗೇನಾಗಿದೆ?" ಎಂದು ಕೇಳಿದ್ದರು. ಆ ಕೊನೆಯ ಪ್ರಶ್ನೆ ಇನ್ನೊಮ್ಮೆ ಬಂದರೆ ಕೆಲಸ ಹೋದ ಹಾಗೆಯೇ. ಮೂಗಿಲ್ಲದ ಮೂಗಿಗೆ ಯಾರು ಸಂಬಳ ಕೊಡುತ್ತಾರೆ?

ಸಹಿ ಹಾಕಿದ. ಹಾಕಿದ ಮೇಲೆ ನೆನಪಾಯಿತು, ಒಂದು ಗಂಟೆಗೆ ಹೆಂಡತಿ ಮಗಳು ಬರುತ್ತಾರೆ. ನೆನಪಾಯಿತು ಎನ್ನುವುದು ಸುಳ್ಳು, ಬೆಳಗಿನಿಂದ ಅವನು ಅದೊಂದನ್ನೇ ಯೋಚಿಸುತ್ತಿದ್ದ. ಮಗಳ ಹುಟ್ಟುಹಬ್ಬ. ಹನ್ನೆರಡು ತುಂಬುತ್ತದೆ. ವಾರದಿಂದ ಒಂದೇ ಹಟ, ಅಪ್ಪ ಪಾಸು ಮಾಡಿದ ಮೀನೇ ಬೇಕು.

ಹನ್ನೆರಡೂವರೆಗೆ ಹೆಂಡತಿಗೆ ಫೋನು ಮಾಡಿದ.

"ಇನ್ನೊಂದಿನ ಬಂದ್ರಾಗಲ್ವಾ?"

"ಯಾಕೆ?"

"ಇವತ್ತು ರಶ್ಶು."

"ಆಟೋ ಹತ್ತಿ ಆಯ್ತು ರೀ. ನಿಮ್ಮದೊಂದು ಯಾವಾಗ್ಲೂ ಇದ್ದದ್ದೇ," ಎಂದು ಅವಳು ಇಟ್ಟುಬಿಟ್ಟಳು.

ಬಂದರು. ಚೂರಿ ಸುಶಿ ಮಾಡುವ ಕಟ್ಟೆಯ ಎದುರಿನ ಎತ್ತರದ ಕುರ್ಚಿಯಲ್ಲಿ ಮಗಳು ಕಾಲಾಡಿಸುತ್ತ ಕೂತಳು. ಪಕ್ಕದ ಕುರ್ಚಿಯ ಮುದುಕರಿಗೆ, "ಇವರು ನಮ್ಮಪ್ಪ. ಇವರು ಹೂಂ ಅಂದ್ರೇನೇ ನೀವೆಲ್ಲ ತಿನ್ನೋದು," ಎಂದು ಹೇಳಿಯೂ ಆಯಿತು. ಇವಳಿಗೇನಾದರೂ ಆದರೆ?

"ಪುಟ್ಟಿ, ಬೇಯಿಸಿದ್ದು ಏನಾದ್ರೂ ತಿನ್ನು. ಚೆನ್ನಾಗಿರುತ್ತೆ."

"ಯಾಕಪ್ಪಾ? ಇದು ಚೆನ್ನಾಗಿಲ್ವಾ?"

ಹಿಂದೆ ಮ್ಯಾನೇಜರ್ ನಿಂತಿದ್ದರು. "ಚೆನ್ನಾಗಿಲ್ಲದೆ ಏನಮ್ಮ? ಅಪ್ಪನೇ ಬೆಳಿಗ್ಗೆ ಸೈನ್ ಹಾಕಿದ್ದಾರೆ," ಎಂದರು.

ಚೂರಿ ಎಂಟು ತುಂಡು ಜೋಡಿಸಿದ ತಟ್ಟೆಯನ್ನು ಮುಂದಿಟ್ಟ. ಹೆಂಡತಿ ಅನುಮಾನದಿಂದ ನೋಡಿ, "ಹಸೀದು ಅಲ್ವಾ? ನೀವೂ ಒಂದ್ಸಲ ಮೂಸಿರ್ತೀರಿ ತಾನೇ?" ಎಂದು ಚೂರಿಯನ್ನು ಕೇಳಿದಳು.

"ನಾನಾ?" ಚೂರಿ ಮನಸಾರೆ ನಕ್ಕ. "ಮೇಡಂ, ಸಾರ್ ಬಂದ ಮೇಲೆ ನಾನು ಮೂಸೋದೇ ಬಿಟ್ಟೆ. ಇವರ ಮುಖ ನೋಡ್ತೀನಿ, ಅಷ್ಟೇ. ಮುಖ ಸರಿಯಾಗಿದ್ರೆ ಮೀನೂ ಸರಿ."

ಮೂರು ತಿಂಗಳು. ನೂರಾರು ತಟ್ಟೆ. ಮ್ಯಾನೇಜರ್ ಮೂಸಿದ ಆ ಒಂದು ಪೆಟ್ಟಿಗೆ ಬಿಟ್ಟರೆ ಒಂದು ತುಂಡನ್ನೂ ಯಾರೂ ಮೂಸಿರಲಿಲ್ಲ.

ಮಗಳು ತಿನ್ನಲು ಕೊಟ್ಟ ಎರಡು ಕಡ್ಡಿಗಳ ನಡುವೆ ಒಂದು ತುಂಡನ್ನು ಕಷ್ಟಪಟ್ಟು ಹಿಡಿದು ಎತ್ತಿದಳು. ಬಾಯಿಯವರೆಗೂ ತಂದವಳು ತಡೆದಳು. ಏನೋ ಹೊಳೆದವಳ ಹಾಗೆ ಅದನ್ನು ಅವನ ಮೂಗಿನ ಹತ್ತಿರ ಹಿಡಿದಳು.

"ಇನ್ನೊಂದ್ಸಲ ಮೂಸಪ್ಪಾ. ಎಲ್ರೂ ನೋಡ್ಲಿ."

ಹೇಳಿಬಿಡಬೇಕು, ಈಗಲೇ, ಎಂದುಕೊಂಡ. ಹೇಳುವುದಕ್ಕೆ ಉಸಿರು ಬೇಕಿತ್ತು. ಎಳೆದುಕೊಂಡ. ಅವನು ಮೂಸುತ್ತಿದ್ದಾನೆಂದು ಮಗಳ ಮುಖ ಅರಳಿತು.

ಪಕ್ಕದ ಮುದುಕರು ಬಾಯಿಗೆತ್ತಿದ ತುಂಡನ್ನು ಅಲ್ಲಿಯೇ ಹಿಡಿದು ಇವನತ್ತ ತಿರುಗಿದರು. ಅವರನ್ನು ನೋಡಿ ಅವರಾಚೆಯವರು. ಹಿಂದಿನ ಮೇಜಿನಲ್ಲಿ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಚೂರಿಯ ಕೈಯಲ್ಲಿ ಚೂರಿ ನಿಂತಿತು. ಮ್ಯಾನೇಜರ್ ನಗುತ್ತ ಕೈಕಟ್ಟಿದರು. ಇಡೀ ಕೋಣೆ ತುಂಡುಗಳನ್ನು ಬಾಯಿಯ ಮುಂದೆ ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತ ಕಾಯುತ್ತಿತ್ತು. ಅವನು ಒಂದು ಮುಖದಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದ. ಎಲ್ಲವೂ ನಿರ್ಮಲವಾಗಿದ್ದವು.

ಎದೆ ತುಂಬಿತು. ಇನ್ನು ಹಿಡಿಸುವಂತಿರಲಿಲ್ಲ. ಆದರೂ ಅವನು ಉಸಿರು ಎಳೆಯುತ್ತಲೇ ಇದ್ದ.